ಸೋಮವಾರದ ಆಟಗಾರ

ಅವರ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳಿನಷ್ಟು ಕೆಳಗಿತ್ತು. ಅಂಗಿ ಕಳಚಿ ಬೇವಿನ ಮರದ ಕೆಳಗೆ ಕುಳಿತಾಗ ಆ ಹೆಗಲ ಮೇಲೆ ಮುಂದಿನಿಂದ ಹಿಂದಕ್ಕೆ ಹಾಯ್ದ ಒಂದು ಪಟ್ಟಿ ಕಾಣುತ್ತಿತ್ತು. ಸುತ್ತಲಿನ ಚರ್ಮಕ್ಕಿಂತ ಕಪ್ಪಾದ, ನುಣ್ಣಗಾದ, ಮೂರು ಬೆರಳಗಲದ ಪಟ್ಟಿ. ಮೂವತ್ತು ವರ್ಷ ಆ ಜಾಗದಲ್ಲಿ ಗಾಲ್ಫ್ ಚೀಲದ ಬೆಲ್ಟು ಕೂತಿತ್ತು. ಬೇರೆಯವರ ಚೀಲ, ಬೇರೆಯವರ ಆಟ.

ಜಗಳೂರಿನಲ್ಲಿ ಅವರನ್ನು ಎಲ್ಲರೂ ಚೀಲದಣ್ಣ ಎನ್ನುತ್ತಿದ್ದರು. ಕೆಲವರು ಪ್ರೀತಿಯಿಂದ, ಕೆಲವರು ಹಂಗಿಸಲು. ಹಂಗಿಸಿದವರಿಗೆ ಅವರು ಕೊಡುತ್ತಿದ್ದ ಉತ್ತರ ಒಂದೇ.

"ಹೌದ್ರಿ, ಚೀಲ ಹೊತ್ತೀನಿ. ಚೀಲದ ಪಕ್ಕ ನಿಂತು ನಾನು ನೋಡಿದಷ್ಟು ಆಟನ ಟಿವಿ ಮುಂದೆ ಕುಂತೋರು ಯಾರೂ ನೋಡಿಲ್ಲ."

ನಾನು ಭೂಮಾಪಕ. ಸಂತೇಬೆನ್ನೂರಿನ ಕಡೆಯವನು. ಚನ್ನಗಿರಿ, ಹೊನ್ನಾಳಿ ಎಂದು ಸುತ್ತಿ ಕೊನೆಗೆ ಜಗಳೂರಿನ ತಾಲ್ಲೂಕು ಕಚೇರಿಗೆ ಬಂದಿದ್ದೆ. ಅಳೆದದ್ದನ್ನು ಅಳೆದ ಹಾಗೆ ಬರೆಯುವುದು ನನ್ನ ಕೆಲಸ. ಈ ಬರಹದಲ್ಲೂ ಕಂಡದ್ದನ್ನಷ್ಟೇ ಬರೆಯಬೇಕೆಂದಿದ್ದೇನೆ. ಒಂದು ಕಡೆ ನಾನು ಹಾಗೆ ಮಾಡಲಿಲ್ಲ. ಅದನ್ನೂ ಬರೆಯುತ್ತೇನೆ.

ನಮ್ಮ ಪರಿಚಯ ಆದದ್ದು ಒಂದು ದೂರಿನಿಂದ. ಊರಾಚೆಯ ಗೋಮಾಳದಲ್ಲಿ ಯಾರೋ ಕೆಂಪು ಬಾವುಟ ನೆಟ್ಟಿದ್ದಾರೆ, ಸೋಲಾರ್ ಕಂಪನಿಗೆ ಜಾಗ ಅಳತೆ ಆಗುತ್ತಿದೆ, ಇನ್ನು ನಮ್ಮ ಕುರಿಗಳಿಗೆ ಮೇಯಲು ಜಾಗವಿಲ್ಲ ಎಂದು ಹತ್ತು ಹನ್ನೆರಡು ಜನ ಕಚೇರಿಗೆ ಬಂದು ಕೂತರು. ನಾವು ಯಾವ ಅಳತೆಯನ್ನೂ ಮಾಡಿರಲಿಲ್ಲ. ತಹಶೀಲ್ದಾರರು ನನ್ನನ್ನು ಕಳಿಸಿದರು. ಹೋಗಿ ನೋಡಿದರೆ ಮೂರು ಬಾವುಟ. ಹತ್ತಿರ ಹೋದೆ. ಹಳೆಯ ಸೀರೆಯ ಚೂರನ್ನು ಬಿದಿರು ಕಡ್ಡಿಗೆ ಕಟ್ಟಿತ್ತು. ಕಡ್ಡಿಯ ಬುಡದಲ್ಲಿ ನೆಲಕ್ಕೆ ಸಮವಾಗಿ ಹೂತ ಒಂದು ಡಬ್ಬಿ. ಅದರ ಸುತ್ತ ಎಂಟು ಹೆಜ್ಜೆ ಅಗಲಕ್ಕೆ ಕಪ್ಪು ಮರಳನ್ನು ನೀಟಾಗಿ ಹರಡಿ ತಿಕ್ಕಿದ್ದರು. ಬೇವಿನ ಮರದ ಕೆಳಗಿನಿಂದ ಒಬ್ಬರು ಕೂಗಿದರು.

"ಸಾಹೇಬ್ರೆ, ಮರಳಿನ ಮ್ಯಾಲೆ ಕಾಲಿಡಬ್ಯಾಡ್ರಿ! ಬೆಳಿಗ್ಗಿಂದ ತಿಕ್ಕೀನಿ!"

ಹುಲ್ಲು ಬೆಳೆಯದ ಕಡೆ ಗಾಲ್ಫ್ ಆಡುವವರು ಹೀಗೆ ಮಾಡುತ್ತಾರಂತೆ. ಆ ಡಬ್ಬಿಯೇ ಚೆಂಡು ಬೀಳಬೇಕಾದ ಕುಳಿ. ಜರಡಿ ಹಿಡಿದ ಮರಳಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಕಲಸಿ, ಗೋಣಿಚೀಲದಿಂದ ಎಳೆದು ಸಮ ಮಾಡಿದರೆ ಚೆಂಡು ಹುಲ್ಲಿನ ಮೇಲೆ ಉರುಳಿದಂತೆ ಉರುಳುತ್ತದೆ. ಕೂಗಿದವರೇ ಚೀಲದಣ್ಣ. ಬೆಂಗಳೂರಿನ ಕ್ಲಬ್ಬೊಂದರಲ್ಲಿ ಮೂವತ್ತು ವರ್ಷ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿದ್ದು, ಮಂಡಿ ಸೋತ ಮೇಲೆ ಅಕ್ಕನ ಮಗಳ ಮನೆಗೆ ವಾಪಸು ಬಂದಿದ್ದರು. ಬರುವಾಗ ಯಾರೋ ಆಟಗಾರರು ಕೊಟ್ಟ ಏಳು ಹಳೆಯ ಕೋಲುಗಳನ್ನು ತಂದಿದ್ದರು. ಕಚೇರಿಗೆ ಹಿಂತಿರುಗಿ "ಒತ್ತುವರಿ ಇರುವುದಿಲ್ಲ, ಬಾವುಟಗಳು ಆಟದ ಸಲುವಾಗಿ ಇರುತ್ತವೆ" ಎಂದು ವರದಿ ಬರೆದೆ. ಕುರಿಯವರು ನಕ್ಕು ಎದ್ದುಹೋದರು. ನಾನು ಮುಂದಿನ ಭಾನುವಾರ ಒಬ್ಬನೇ ಮತ್ತೆ ಅಲ್ಲಿಗೆ ಹೋದೆ.

ನನ್ನನ್ನು ಎಳೆದದ್ದು ಅವರ ಹೆಜ್ಜೆ. ಬೇವಿನ ಮರದಿಂದ ಮೊದಲ ಬಾವುಟಕ್ಕೆ ಹೆಜ್ಜೆ ಹಾಕಿ ನೂರ ಮೂವತ್ತೇಳು ಗಜ ಎಂದರು. ನಾನು ಟೇಪು ಹಿಡಿದೆ. ಒಂದು ಅಡಿಯಷ್ಟು ವ್ಯತ್ಯಾಸ ಬಂತು. "ನಿಮ್ಮ ಟೇಪು ಬಿಸಿಲಿಗೆ ಹಿಗ್ಗೈತೆ" ಎಂದು ಗಂಭೀರವಾಗಿ ಹೇಳಿದರು.

ಹಾಗೆ ನಾನು ಶಿಷ್ಯನಾದೆ. ಇನ್ನೊಬ್ಬ ಶಿಷ್ಯರು ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯವರು. ನ್ಯಾಮತಿಯಿಂದ ಬಂದು ಇಲ್ಲಿ ನೆಲೆನಿಂತವರು. ಊರವರು ಅವರನ್ನು ತಮಾಷೆಗೆ ಡಾಕ್ಟ್ರೇ ಎನ್ನುತ್ತಿದ್ದರು. ಅವರಿಗೆ ಮೊಬೈಲಿನಲ್ಲಿ ದೊಡ್ಡ ದೊಡ್ಡ ಆಟಗಾರರ ಹೊಡೆತ ನೋಡುವ ಹುಚ್ಚು. ಒಂದು ದಿನ ಹೊಸ ಕೋಲು ತರಿಸಿಕೊಂಡು ಬಂದರು. ಮೊಬೈಲನ್ನು ಕಲ್ಲಿಗೆ ಆನಿಸಿ ನಿಲ್ಲಿಸಿ, ಅದರಲ್ಲಿದ್ದವನಂತೆ ಸೊಂಟವನ್ನು ಪೂರ್ತಿ ತಿರುಗಿಸಿ ಬೀಸಿದರು. ಚೆಂಡು ಇದ್ದಲ್ಲೇ ಇತ್ತು. ಡಾಕ್ಟ್ರು ಮಾತ್ರ ಅರ್ಧ ಬಗ್ಗಿದವರು ನೆಟ್ಟಗಾಗಲಿಲ್ಲ.

"ಅಣ್ಣ, ಹಿಡಕಂಡ್ಬಿಡ್ತು, ಹಿಡಕಂಡ್ಬಿಡ್ತು!"

"ಅಲ್ಲಾಡಬ್ಯಾಡ್ರಿ ಡಾಕ್ಟ್ರೇ. ನಿಮ್ಮ ಅಂಗಡೀಲಿ ಇದಕ್ಕೆ ಮುಲಾಮು ಐತಲ್ಲ?"

"ಐತೆ, ಆದ್ರೆ ಅದು ಕೆಲಸ ಮಾಡಲ್ಲ ಕಣಣ್ಣ!"

ನಾವಿಬ್ಬರೂ ಅವರನ್ನು ಹಿಡಿದು ಮರದ ಕೆಳಗೆ ಅಂಗಾತ ಮಲಗಿಸಿದೆವು. ಆಗ ಚೀಲದಣ್ಣ ಹೇಳಿದ್ದನ್ನು ನಾನು ಮನೆಗೆ ಬಂದು ನನ್ನ ಅಳತೆ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡೆ. "ಆ ಮೊಬೈಲಿನಾಗಿರೋರ ಸೊಂಟ ಅವರ ಹೊಟ್ಟೆಪಾಡು ಕಣ್ರೀ. ದಿನಾ ಎಂಟು ತಾಸು ಅದಕ್ಕೇ ದುಡೀತಾರೆ. ನಿಮ್ಮ ಸೊಂಟ ಸ್ಟೂಲಿಂದು, ಸಾಹೇಬ್ರದು ಕುರ್ಚಿದು. ಅವರ ಹೊಡೆತ ನಮಗೆ ಬರಲ್ಲ. ಬರದಿದ್ದನ್ನ ಯಾಕೆ ನೋಡ್ತೀರಿ? ಬರೋದನ್ನ ನೋಡ್ರಿ."

"ಬರೋದು ಯಾವುದಣ್ಣ?" ಎಂದೆ.

"ತಪ್ಪಿದ ಮ್ಯಾಲೆ ಏನ್ ಮಾಡ್ತಾರೆ ಅದು. ನಾನು ಚೀಲ ಹೊರ್ತಿದ್ದ ಒಬ್ಬ ದೊಡ್ಡ ಆಟಗಾರ ಇದ್ರು. ಚೆಂಡು ನೀರಿಗೆ ಹೋದ್ರೆ ಹತ್ತು ಹೆಜ್ಜೆ ಬೈಕೊಂತ ಹೋಗೋರು. ಕೇಳಾಕಾಗಲ್ಲ ಆ ಬೈಗುಳ. ಹನ್ನೊಂದನೇ ಹೆಜ್ಜೆಗೆ ಬಾಯಿ ಮುಚ್ಚಿ, 'ಈಗ ಎಷ್ಟು ದೂರ ಐತೆ?' ಅಂತ ನನ್ನ ಕೇಳೋರು. ನೀವು ಹವ್ಯಾಸಿಗಳು ಮನೆಗೆ ಹೋಗಿ ಊಟ ಮಾಡೋವಾಗಲೂ ಬೈಕೊಂತೀರಿ."

ಅವರು ವೃತ್ತಿ ಆಟಗಾರರಿಂದ ನಮಗಾಗಿ ತಂದದ್ದು ಇಂಥವೇ. ಸಾಲಾಗಿ ಪಾಠ ಮಾಡಿದವರಲ್ಲ. ಒಂದೊಂದು ಒಂದೊಂದು ದಿನ ಬಾಯಿಂದ ಬೀಳುತ್ತಿತ್ತು. ಬಾವುಟಕ್ಕೇ ಗುರಿ ಇಡಬೇಡಿ, ಮರಳಿನ ಅಗಲ ಎಲ್ಲಿ ಹೆಚ್ಚಿದೆಯೋ ಅಲ್ಲಿಗೆ ಇಡಿ. ಅವರೂ ಬಹಳ ಸಲ ಹಾಗೆಯೇ ಮಾಡುತ್ತಾರೆ, ಟಿವಿಯವರು ಅದನ್ನು ತೋರಿಸುವುದಿಲ್ಲ. ಪ್ರತಿ ಹೊಡೆತಕ್ಕೂ ಮೊದಲು ಒಂದೇ ರೀತಿ ನಿಲ್ಲಿ, ಒಂದೇ ರೀತಿ ಉಸಿರು ಬಿಡಿ. ಪಂದ್ಯದ ಬೆಳಿಗ್ಗೆ ಅವರು ಮೂರಡಿ ದೂರದಿಂದ ಚೆಂಡನ್ನು ಕುಳಿಗೆ ಉರುಳಿಸುತ್ತಾ ನಿಂತಿರುತ್ತಾರೆ, ನೋಡುವವರಿಗೆ ಬೇಜಾರಾಗುವವರೆಗೆ. ಮೂರಡಿ ಉರುಳಿಸಲು ಸೊಂಟ ಬೇಕಿಲ್ಲ. ನನ್ನಿಂದ ಚೀಲದಣ್ಣ ಒಂದು ಇಡೀ ಬೇಸಿಗೆ ಮೂರಡಿಯನ್ನೇ ಮಾಡಿಸಿದರು. ಹೊಡೆಯುವವನ ಬೆನ್ನ ಹಿಂದೆ ಅವರು ನಿಲ್ಲುತ್ತಿರಲಿಲ್ಲ, ತಮ್ಮ ನೆರಳು ಚೆಂಡಿನ ಮೇಲೆ ಬೀಳಲು ಬಿಡುತ್ತಿರಲಿಲ್ಲ. ಯಾವ ಆಟಗಾರರ ಚೀಲ ಹೊತ್ತಿದ್ದರೋ ಅವರ ಹೆಸರನ್ನು ಎಂದೂ ಹೇಳಲಿಲ್ಲ. "ಹೊಲದಾಗೆ ಆಡಿದ ಮಾತು ಹೊಲದಾಗೇ ಇರ್ಬೇಕು. ಅದು ಕ್ಯಾಡಿ ಮರ್ಯಾದೆ" ಎನ್ನುತ್ತಿದ್ದರು.

ಒಂದು ಭಾನುವಾರ ಡಾಕ್ಟ್ರು ಕೇಳಿದರು. "ಅಣ್ಣ, ನೀವು ಅಲ್ಲಿ ಆಡ್ತಿದ್ರಾ, ಇಲ್ಲ ಬರೀ ಚೀಲಾನಾ?"

"ಆಡ್ತಿದ್ದೆ. ಸೋಮವಾರ."

ಸೋಮವಾರ ಆ ಕ್ಲಬ್ಬಿಗೆ ರಜೆ. ಸದಸ್ಯರು ಬಾರದ ಆ ದಿನ ಮಧ್ಯಾಹ್ನದವರೆಗೆ ಕ್ಯಾಡಿಗಳು ಆಡಬಹುದಿತ್ತು. ಏಟು ಬರೆಯುವ ಕಾರ್ಡು ಇಲ್ಲ, ಗುರುತು ಹಾಕುವವರಿಲ್ಲ. ಹುಲ್ಲು ಕತ್ತರಿಸುವ ಯಂತ್ರ ಬಂದರೆ ಬದಿಗೆ ಸರಿಯಬೇಕು. ಈ ಆಟದಲ್ಲಿ ಏಟು ಕಡಿಮೆಯಾದಷ್ಟೂ ಮೇಲು. ಒಂದು ಸೋಮವಾರ ಅವರು ಹದಿನೆಂಟು ಕುಳಿಗಳನ್ನು ಎಪ್ಪತ್ತೊಂದೇ ಏಟಿನಲ್ಲಿ ಮುಗಿಸಿದ್ದರಂತೆ. ಮರುದಿನ ಒಬ್ಬ ಸದಸ್ಯರಿಗೆ ಹೇಳಿದಾಗ ಅವರು ಬೆನ್ನು ತಟ್ಟಿ, "ಸೋಮವಾರದ ಏಟೆಲ್ಲ ಏಟಲ್ಲ ಕಣಯ್ಯ" ಎಂದು ನಕ್ಕರಂತೆ.

ಇದನ್ನು ಹೇಳುವಾಗ ಅವರಿಗೆ ದುಃಖವಿರಲಿಲ್ಲ. ಸಿಟ್ಟಿತ್ತು, ಮೂವತ್ತು ವರ್ಷ ಮಡಚಿ ಇಟ್ಟ ಸಿಟ್ಟು. "ಒಂದೇ ಒಂದು ಕಾರ್ಡು ಬೇಕಾಗಿತ್ತು ಸಾಹೇಬ್ರೆ. ಮ್ಯಾಲೆ ನನ್ನ ಹೆಸರು, ಕೆಳಗೆ ಇನ್ನೊಬ್ಬರ ರುಜು. ಇಂಥೋನು ಇಂಥ ದಿನ ಇಲ್ಲಿ ಇಷ್ಟು ಏಟು ಹೊಡೆದ ಅಂತ. ಗೆಲ್ಲೋದು ಬ್ಯಾಡ. ಲೆಕ್ಕಕ್ಕೆ ಬಂದ್ರೆ ಸಾಕು."

ಅದೇ ಕ್ಲಬ್ಬಿನಲ್ಲಿ ಐವತ್ತೈದು ದಾಟಿದ ಹವ್ಯಾಸಿಗಳಿಗೆ ಮುಕ್ತ ಸ್ಪರ್ಧೆ ಇದೆಯೆಂದು ಮುಂದಿನ ವರ್ಷ ಡಾಕ್ಟ್ರ ಮೊಬೈಲಿಗೇ ಸುದ್ದಿ ಬಂತು. ಡಾಕ್ಟ್ರಿಗೆ ಇನ್ನೂ ಐವತ್ತೈದಾಗಿರಲಿಲ್ಲ. ನನಗೆ ಐವತ್ತಾರು, ಚೀಲದಣ್ಣನಿಗೆ ಅರವತ್ತಮೂರು. ಅರ್ಜಿಯಲ್ಲಿ "ಯಾವ ಕ್ಲಬ್ಬು" ಎಂಬ ಕಾಲಂ ಇತ್ತು. ಜಗಳೂರು ಅಂತ ಬರೀರಿ ಎಂದರು ಚೀಲದಣ್ಣ.

"ಜಗಳೂರಲ್ಲಿ ಕ್ಲಬ್ ಎಲ್ಲೈತಣ್ಣ?"

"ಮೂರು ಜನ ಆಡ್ತೀವಿ, ಮೂರು ಬಾವುಟ ಅದಾವೆ. ಸರಕಾರಿ ಸರ್ವೇನೂ ಆಗೈತೆ. ಕ್ಲಬ್ಬಿಗೆ ಮತ್ತೇನ್ ಬೇಕ್ರಿ?"

ಬರೆದೆ.

ಸ್ಪರ್ಧೆಯ ಶನಿವಾರ ಬೆಳಿಗ್ಗೆ ನಾವಿಬ್ಬರೂ ಆ ಕ್ಲಬ್ಬಿನ ಮುಂಬಾಗಿಲಿಗೆ ಹೋದೆವು. ಕಾವಲುಗಾರ ಚೀಲದಣ್ಣನನ್ನು ಬಲ್ಲವನು. ಅಭ್ಯಾಸಬಲದಿಂದ "ಅಣ್ಣ, ಕ್ಯಾಡಿ ಗೇಟು ಆ ಕಡೆ" ಎಂದ.

"ಗೊತ್ತಪ್ಪ. ಎರಡು ಸಲ ಆ ಗೇಟಿಗೆ ಬಣ್ಣ ಹೊಡೆದೋನು ನಾನೇ. ಇವತ್ತು ಈ ಕಡೆಯಿಂದ."

ಹೆಸರು ನೋಂದಾಯಿಸುವ ಮೇಜಿನ ಬಳಿ ನಮ್ಮಿಬ್ಬರ ಜೊತೆ ಆಡಬೇಕಿದ್ದ ಮೂರನೆಯವರು ನಿಂತಿದ್ದರು. ಆ ಕ್ಲಬ್ಬಿನ ಹಳೆಯ ಸದಸ್ಯರು. ಚೀಲದಣ್ಣನನ್ನು ಗುರುತಿಸಿ ಮೇಜಿನವರಿಗೆ ಆಕ್ಷೇಪ ಹೇಳಿದರು. ಇದು ಹವ್ಯಾಸಿಗಳ ಸ್ಪರ್ಧೆ, ಈತ ಗಾಲ್ಫಿನಿಂದ ಸಂಬಳ ತಿಂದವನು, ಹವ್ಯಾಸಿ ಹೇಗಾಗುತ್ತಾನೆ ಎಂದರು. ಚೀಲದಣ್ಣ ಮೇಜಿನ ಮೇಲೆ ಎರಡೂ ಕೈ ಊರಿ ನಿಧಾನವಾಗಿ ಹೇಳಿದರು.

"ಸಾರ್, ದುಡ್ಡು ತಗೊಂಡಿದ್ದು ಚೀಲ ಹೊರಾಕೆ. ಆಡಾಕೆ ಯಾರೂ ನನಗೆ ಒಂದು ಪೈಸೆ ಕೊಟ್ಟಿಲ್ಲ. ಆಡಾಕೆ ಬಿಟ್ಟಿದ್ದೇ ಕಮ್ಮಿ. ನನಗಿಂತ ಹವ್ಯಾಸಿ ಈ ಕ್ಲಬ್ಬಿನಾಗೆ ಯಾರವರೆ ತೋರಿಸ್ರಿ."

ಮೇಜಿನವರು ನಿಯಮದ ಪುಸ್ತಕ ತಿರುವಿದರು. ಕ್ಯಾಡಿ ಕೆಲಸ ಅಡ್ಡಿಯಲ್ಲ ಎಂದು ಅದರಲ್ಲಿತ್ತು. ಮೂವರಿಗೂ ಕಾರ್ಡು ಕೊಟ್ಟರು. ಈ ಆಟದಲ್ಲಿ ಒಬ್ಬರ ಏಟನ್ನು ಇನ್ನೊಬ್ಬರು ಬರೆಯಬೇಕು. ಆಕ್ಷೇಪ ಹೇಳಿದ ಸದಸ್ಯರ ಕಾರ್ಡು ಚೀಲದಣ್ಣನಿಗೆ, ನನ್ನದು ಸದಸ್ಯರಿಗೆ, ಚೀಲದಣ್ಣನದು ನನಗೆ ಬಂತು.

ಆ ದಿನ ಅವರು ಆಡಿದ್ದನ್ನು ಬಣ್ಣ ಹಚ್ಚದೆ ಹೇಳುತ್ತೇನೆ. ದೂರ ಹೊಡೆಯಲಿಲ್ಲ. ಏಳು ಕೋಲಿನ ಚೀಲವನ್ನು ತಾವೇ ಹೊತ್ತರು. ಹಳೆಯ ಕ್ಯಾಡಿಗಳು ಹೊರಲು ಬಂದಾಗ "ನಂದೇ ಚೀಲ, ನನಗೆ ಭಾರ ಇಲ್ಲ" ಎಂದು ಕಳಿಸಿದರು. ಸದಸ್ಯರ ಚೆಂಡು ಆಕಾಶಕ್ಕೆ ಹಾರಿ ಒಮ್ಮೆ ನೀರಿಗೆ, ಎರಡು ಸಲ ಪೊದೆಗೆ ಹೋಯಿತು. ಇವರದು ಪ್ರತಿ ಸಲ ಹುಲ್ಲಿನ ನಡುವೆ ಬಿದ್ದಿರುತ್ತಿತ್ತು. ನಾನು ನನ್ನ ಆಟ ಮರೆತೆ (ನನಗೆ ಆ ದಿನ ನೂರ ಹದಿನೆಂಟು ಏಟು ಬೇಕಾದವು). ಅವರಿಬ್ಬರ ಏಟನ್ನು ಮಾತ್ರ ಮನಸ್ಸಿನಲ್ಲಿ ಎಣಿಸುತ್ತಾ ನಡೆದೆ. ಹದಿನೈದು ಕುಳಿ ಮುಗಿದಾಗ ಇಬ್ಬರೂ ಸಮ ಇದ್ದರು.

ಹದಿನಾರನೆಯದರಲ್ಲಿ ಇವರ ಎರಡನೆಯ ಏಟು ಒಂದು ಮರದ ಕೆಳಗೆ ಒಣ ಎಲೆಗಳ ನಡುವೆ ನಿಂತಿತು. ಸದಸ್ಯರು ಆಚೆ ಪೊದೆಯಲ್ಲಿ ತಮ್ಮ ಚೆಂಡು ಹುಡುಕುತ್ತಿದ್ದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಚೀಲದಣ್ಣ ಬಗ್ಗಿ ಚೆಂಡಿನ ಪಕ್ಕದ ಒಂದು ಎಲೆ ತೆಗೆದರು. ಚೆಂಡು ಅರ್ಧ ಬೆರಳಿನಷ್ಟು ಉರುಳಿತು. ಹಾಗೆ ಉರುಳಿದರೆ ಒಂದು ಏಟು ದಂಡ.

ಅವರು ತಲೆ ಎತ್ತಿದರು. "ಸಾಹೇಬ್ರೆ, ಅಲ್ಲಾಡ್ತು. ಒಂದು ಹಾಕ್ಕೊಳ್ರಿ."

"ನನಗೆ ಕಾಣ್ಲಿಲ್ಲಣ್ಣ" ಎಂದೆ.

ಕಂಡಿತ್ತು. ಸ್ಪಷ್ಟವಾಗಿ ಕಂಡಿತ್ತು.

"ನಿಮಗೆ ಕಾಣಲಿ ಬಿಡ್ಲಿ. ಸೋಮವಾರ ಆಗಿದ್ರೆ ನಾನೂ ಬಿಡ್ತಿದ್ದೆ. ಇವತ್ತು ಶನಿವಾರ." ಚೆಂಡನ್ನು ಮೊದಲಿದ್ದ ಜಾಗದಲ್ಲಿಟ್ಟು, ಒಂದೇ ಏಟಿಗೆ ಮರಳಿನ ಹೊಂಡ ದಾಟಿಸಿ, ಮತ್ತೆರಡು ಏಟಿನಲ್ಲಿ ಕುಳಿಗೆ ಹಾಕಿದರು. ದಂಡ ಸೇರಿ ಆರು. ನಾನು ಹೂಂ ಎಂದು ತಲೆಯಾಡಿಸಿದೆ. ಕಾರ್ಡಿನಲ್ಲಿ ಐದು ಎಂದು ಬರೆದೆ.

ಯಾಕೆ ಬರೆದೆ? ಬೆಳಿಗ್ಗೆ ಮೇಜಿನ ಬಳಿ ಕೇಳಿದ ಮಾತು ಕಿವಿಯಲ್ಲಿತ್ತು. ಆ ಮಾತು ಹೇಳಿದವರನ್ನು ಇವರು ಒಂದೇ ಒಂದು ಏಟಿನಿಂದಾದರೂ ಸೋಲಿಸುವುದನ್ನು ನಾನು ನೋಡಬೇಕಿತ್ತು. ಮೂವತ್ತು ವರ್ಷ ಒಂದಡಿ ಆಚೀಚೆ ಕಲ್ಲು ಸರಿಸಲು ಯಾರೆಷ್ಟು ಹೇಳಿದರೂ ಸರಿಸದವನು, ಪ್ರೀತಿಗೆ ಸರಿಸಿದೆ.

ಹದಿನೆಂಟೂ ಮುಗಿದ ಮೇಲೆ ಅದೇ ಮೇಜಿಗೆ ಬಂದೆವು. ಕಾರ್ಡಿಗೆ ನಾನು ರುಜು ಹಾಕಿ ಕೊಟ್ಟೆ. ಅವರೂ ರುಜು ಹಾಕಿದರೆ ಮುಗಿಯಿತು. ಹಾಕಿದ ಮೇಲೆ ತಪ್ಪಿದೆಯೆಂದು ತಿಳಿದರೆ ಅವರ ಹೆಸರನ್ನೇ ಪಟ್ಟಿಯಿಂದ ತೆಗೆಯುತ್ತಾರೆ. ಆ ನಿಯಮ ನನಗೆ ಆಗ ನೆನಪಿಗೇ ಬರಲಿಲ್ಲ. ಅವರು ಪೆನ್ನು ಹಿಡಿಯಲಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿಯ ಕೆಳಗೆ ಬೆರಳಿಟ್ಟು ಓದಿದರು. ಬೆರಳು ಹದಿನಾರರಲ್ಲಿ ನಿಂತಿತು.

"ಇದೆಷ್ಟು?"

"ಐದು" ಎಂದೆ.

"ಆರು."

ಮೇಜಿನವರು ತಲೆ ಎತ್ತಿದರು. ಸದಸ್ಯರು ಹತ್ತಿರ ಬಂದರು. ವಿಷಯ ತಿಳಿದು, "ಹೋಗಲಿ ಬಿಡಪ್ಪ, ಒಂದು ಏಟಿಗೆ ಯಾಕಿಷ್ಟು?" ಎಂದರು. ಅವರ ದನಿಯಲ್ಲಿ ಬೆಳಗಿನ ಗಡಸು ಇರಲಿಲ್ಲ. ದೊಡ್ಡ ಮನಸ್ಸು ಮಾಡಿದ ದನಿ ಅದು. ಚೀಲದಣ್ಣ ಅವರತ್ತ ನೋಡಲೇ ಇಲ್ಲ. ನನ್ನನ್ನೇ ನೋಡಿದರು.

"ನನ್ನ ಏಟು ನನಗೆ ಕೊಡ್ರಿ ಸಾಹೇಬ್ರೆ. ಮೂವತ್ತು ವರ್ಷ ಇಲ್ಲಿ ನಂದು ಒಂದನ್ನೂ ಯಾರೂ ಎಣಿಸಿಲ್ಲ. ಇವತ್ತು ಎಣಿಸಾಕೆ ಅಂತ ಬಂದೀನಿ. ನೀವೇ ಒಂದು ಕದ್ರೆ ಹೆಂಗೆ?"

ಪೆನ್ನು ತೆಗೆದುಕೊಂಡೆ. ಐದನ್ನು ಹೊಡೆದುಹಾಕಿ ಪಕ್ಕದಲ್ಲಿ ಆರು ಬರೆದೆ. ಗೆರೆ ಸೊಟ್ಟಗಾಯಿತು, ಶಾಯಿ ಹರಡಿತು. ಅದರ ಪಕ್ಕ ಇನ್ನೊಂದು ಸಣ್ಣ ರುಜು ಹಾಕಿದೆ. ಆಮೇಲೆ ಅವರು ಕೆಳಗೆ ತಮ್ಮ ಹೆಸರನ್ನು ಕನ್ನಡದಲ್ಲಿ ಪೂರ್ತಿಯಾಗಿ, ಒತ್ತಿ ಬರೆದರು. ಒಟ್ಟು ಎಂಬತ್ತಾರು. ಸದಸ್ಯರದೂ ಎಂಬತ್ತಾರು. ಸಂಜೆ ಬೋರ್ಡಿಗೆ ಅಂಟಿಸಿದ ಪಟ್ಟಿಯಲ್ಲಿ ಇಬ್ಬರ ಹೆಸರೂ ಹತ್ತನೆಯ ಸ್ಥಾನದಲ್ಲಿ ಒಂದರ ಕೆಳಗೊಂದು ಇದ್ದವು. ಕ್ಯಾಡಿಗಳು ಬೋರ್ಡಿನ ಮುಂದೆ ಗುಂಪಾಗಿ ನಿಂತು ಓದಿದರು. ಬಹುಮಾನ ಇರಲಿಲ್ಲ. ಕಾರ್ಡನ್ನು ಹೊರಗೆ ಕೊಡುವ ಪದ್ಧತಿಯೂ ಇರಲಿಲ್ಲ. ಚೀಲದಣ್ಣ ಮೇಜಿನ ಮುಂದೆ ಮುಕ್ಕಾಲು ಗಂಟೆ ನಿಂತು ತಮ್ಮದನ್ನು ಇಸಿದುಕೊಂಡರು.

ವಾಪಸು ಬರುವ ಬಸ್ಸು ಹಿರಿಯೂರಿನಲ್ಲಿ ನಿಂತಿತು. ಅಲ್ಲಿ ಚಹಾ ಕುಡಿಯುವಾಗ ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ತಡೆದರು.

"ನೀವು ಪ್ರೀತಿಗೆ ಮಾಡಿದ್ರಿ. ಗೊತ್ತೈತೆ ನನಗೆ. ಆದ್ರೆ ಕೇಳ್ರಿ. ಆ ಕ್ಲಬ್ಬಿನೋರೂ ಸೋಮವಾರ ನಮಗೆ ಆಡಾಕೆ ಬಿಡ್ತಿದ್ದದ್ದು ಪ್ರೀತಿಗೇ. ಪ್ರೀತಿಗೆ ಬಿಟ್ಟುಕೊಟ್ಟ ಆಟ ನನಗೆ ಸಾಕಾಗೈತೆ." ಚಹಾ ಮುಗಿಸಿ ಲೋಟ ಕೆಳಗಿಟ್ಟರು. "ದೊಡ್ಡ ಆಟಗಾರರ ಹತ್ರ ನಾನು ಕಲ್ತಿದ್ದು ಇದೊಂದೇ. ತಮ್ಮ ಏಟನ್ನ ತಾವೇ ಮೊದಲು ಎಣಿಸ್ತಾರೆ. ಇದಕ್ಕೆ ಸೊಂಟನೂ ಬ್ಯಾಡ, ತೋಳೂ ಬ್ಯಾಡ. ನೀವೂ ಕಲೀಬಹುದು."

ಅದಾದ ಮೇಲೆ ಎರಡು ಬೇಸಿಗೆ ಮಾತ್ರ ಆಡಿದೆವು. ಕಾಮಾಲೆ ಎಂದು ಚೀಲದಣ್ಣನನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರು. ಅದು ಬರೀ ಕಾಮಾಲೆ ಆಗಿರಲಿಲ್ಲ. ನೋಡಲು ಹೋದಾಗ ನಮ್ಮ ಔಷಧಿ ಅಂಗಡಿ ಡಾಕ್ಟ್ರು ಹಾಸಿಗೆಯ ಪಕ್ಕ ಕೂತು, ಬೇಗ ಹುಷಾರಾಗ್ತೀರಣ್ಣ ಎಂದು ಹೇಳುತ್ತಲೇ ಇದ್ದರು. ಚೀಲದಣ್ಣ ಅವರ ಕೈ ತಟ್ಟಿ, "ಡಾಕ್ಟ್ರೇ, ನೀವು ಮಾತ್ರೆ ಮಾರ್ರಿ, ಸುಳ್ಳು ಮಾರಬ್ಯಾಡ್ರಿ" ಎಂದರು. ಎಂಟನೆಯ ದಿನ ಬೆಳಿಗ್ಗೆ ತೀರಿಹೋದರು.

ಹನ್ನೊಂದನೆಯ ದಿನಕ್ಕೆ ಅವರ ಫೋಟೊ ಕಟ್ಟು ಹಾಕಿಸಬೇಕಿತ್ತು. ಅಕ್ಕನ ಮಗಳು ಆ ಕಾರ್ಡನ್ನೂ ಫೋಟೊದ ಕೆಳಗೆ ಸೇರಿಸಿ ಒಂದೇ ಕಟ್ಟಿನಲ್ಲಿ ಹಾಕಿಸಬೇಕೆಂದಳು. ನಾನೂ ಅವಳ ಜೊತೆ ಸ್ಟುಡಿಯೋಗೆ ಹೋದೆ. ಸ್ಟುಡಿಯೋದವನು ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದ. ಒಳ್ಳೆಯ ಕೆಲಸಗಾರ.

"ಸಾರ್, ಇಲ್ಲೊಂದು ಗೀಚೈತೆ ನೋಡ್ರಿ. ಯಾರೋ ಕೆಡಿಸಿಬಿಟ್ಟವರೆ. ಎರಡು ನಿಮಿಷ ಕೊಡ್ರಿ, ತೆಗೆದು ಕ್ಲೀನ್ ಮಾಡ್ತೀನಿ. ಮನೇಲಿ ಚೆಂದ ಕಾಣ್ಬೇಕಲ್ಲ?"

ಅವಳು ನನ್ನ ಮುಖ ನೋಡಿದಳು. "ಮಾವ ಮನೆಗೆ ಬಂದೋರಿಗೆಲ್ಲ ಇದನ್ನೇ ತೋರ್ಸೋರು ಸಾರ್, ಆ ಗೀಚಿನ ಮ್ಯಾಲೇ ಬೆರಳಿಟ್ಟು" ಎಂದಳು. ಆ ಗೀಚು ಯಾರದೆಂದು ಅವರು ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗ.

"ಆ ಗೀಚು ನಂದಮ್ಮ" ಎಂದೆ. "ಕೆಡಿಸಿದೋನೂ ನಾನೇ, ತಿದ್ದಿದೋನೂ ನಾನೇ. ಅವರ ಒಂದು ಏಟು ಅದರೊಳಗೈತೆ."

ಸ್ಟುಡಿಯೋದವನು ಕೈ ಹಿಂದಕ್ಕೆ ತೆಗೆದ. "ಹಂಗೇ ಬಿಡ್ಲಾ ಸಾರ್? ನೋಡಿದೋರು ಕೇಳ್ತಾರೆ."

"ಕೇಳ್ಲಿ" ಎಂದೆ. "ಹಂಗೇ ಬಿಡು."